ಮನ್ನಿಸಬೇಕಾಗಿ ಪ್ರಾರ್ಥನೆ

ಮೊನ್ನೆ ಸ್ಯಾನ್ ಡಿಯೇಗೋ ಹತ್ತಿರದ ಫೋರ್ ಎಸ್ ರ್ಯಾಂಚ್‌ನಲ್ಲಿ ಪರಿಚಯದವರ ಮನೆಯ ಸೀಮಂತ. ಬೆಳಿಗ್ಗೆ ಲಾಸ್ ಏಂಜಲೀಸ್ ಪಕ್ಕದ ನಮ್ಮ ಊರು ಡೈಮಂಡ್ ಬಾರ್‌ನಿಂದ ಹೊರಟು ದಕ್ಷಿಣಕ್ಕೆ ಇಳಿಯುವಾಗ ದಾರಿಯುದ್ದಕ್ಕೂ ಮಂಜು. ಕಾಫಿಗೆಂದು ಫ್ರೀವೇ ಬಿಟ್ಟು ಕಾರು ನಿಲ್ಲಿಸಿ ಬಾಗಿಲು ತೆಗೆದೆವೋ ಇಲ್ಲವೋ, ಆ ವಾಸನೆ ಮೂಗಿಗೆ ಬಂತು. ಮಂಜಿಗೆ ನೆಂದ ಕುರುಚಲು ಗಿಡ, ಒಣಹುಲ್ಲು, ಅದರ ಮೇಲೆ ತೆಳ್ಳಗೆ ಡೀಸೆಲ್. ನಾನು ಬಾಗಿಲು ಹಾಕಿಕೊಂಡು ಕಾರಿನಲ್ಲೇ ಕುಳಿತೆ. "ಎಂತ ಆಯ್ತು?" ಎಂದರು ನನ್ನ ಗಂಡ. "ಹೊಟ್ಟೆ ತೊಳೆಸಿದ ಹಾಗಾಯ್ತು" ಎಂದೆ. ಸೀಮಂತದ ಮನೆಯಲ್ಲಿ ಹಾಗೆ ಹೇಳಬೇಡ ಮಾರಾಯ್ತಿ, ಹೆಂಗಸರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅದು ಎರಡು ಸಾವಿರದ ಇಪ್ಪತ್ತೈದರ ಬೇಸಿಗೆಯ ವಾಸನೆ. ಸ್ಯಾನ್ ಡಿಯೇಗೋದಿಂದ ಇನ್ನೂ ದಕ್ಷಿಣಕ್ಕೆ, ಗಡಿಯ ಬೋಳು ಗುಡ್ಡಗಳ ನಡುವೆ, ವೀಸಾ ಕಾಗದಪತ್ರ ಸರಿಯಿಲ್ಲವೆಂದು ಸರ್ಕಾರ ಜನರನ್ನು ಹಿಡಿದಿಡುವ ಒಂದು ಕಟ್ಟಡವಿದೆ. ಅದರ ಪಾರ್ಕಿಂಗ್ ಲಾಟಿನಲ್ಲಿ ಇಳಿದಾಗಲೆಲ್ಲ ಇದೇ ವಾಸನೆ ಬರುತ್ತಿತ್ತು. ಆ ಬೇಸಿಗೆಯಲ್ಲಿ ನಾನು ಎಷ್ಟು ಸಲ ಅಲ್ಲಿಗೆ ಡ್ರೈವ್ ಮಾಡಿದೆನೋ ಲೆಕ್ಕವಿಲ್ಲ. ಪಕ್ಕದ ಸೀಟಿನಲ್ಲಿ ವಸಂತಿ, ಹಿಂದಿನ ಸೀಟಿನಲ್ಲಿ ಅವಳ ಮಗಳು ಶ್ರಾವ್ಯ. ಒಳಗೆ ಇದ್ದವರು ಗಣೇಶಣ್ಣ, ವಸಂತಿಯ ಗಂಡ.

ಲಾಸ್ ಏಂಜಲೀಸ್‌ಗೆ ಹೊಸದಾಗಿ ಬಂದವರು ಜೂನ್ ಎಂದರೆ ಸುಡುಬಿಸಿಲು ಎಂದುಕೊಳ್ಳುತ್ತಾರೆ. ಹಾಗಲ್ಲ. ಕಡಲಿನಿಂದ ಎದ್ದ ಮೋಡ ಊರಿನ ಮೇಲೆ ಬಂದು ಕೂರುತ್ತದೆ, ಮಧ್ಯಾಹ್ನದ ತನಕ ಏಳುವುದಿಲ್ಲ. ಮಳೆ ಬಾರದ ಮೋಡ. ಕುಂದಾಪುರದಲ್ಲಿ ಹುಟ್ಟಿದ ನನಗೆ ಅದನ್ನು ಕಂಡರೆ ಮೊದಲಿನಿಂದಲೂ ಅಸಹನೆ. ಸುರಿಯುವುದಾದರೆ ಸುರಿ, ಇಲ್ಲವಾದರೆ ಹೋಗು ಎನ್ನಿಸುತ್ತದೆ. ಆ ವರ್ಷ ಅದು ಕೆಲವು ದಿನ ಸಂಜೆಯಾದರೂ ಜಗ್ಗಲಿಲ್ಲ. ಕಾಗದಪತ್ರವಿಲ್ಲದ ವಲಸಿಗರನ್ನು ಹಿಡಿಯುವ ದಾಳಿ ಊರಿಡೀ ನಡೆಯುತ್ತಿತ್ತು, ಮೋಡದ ಮೇಲೆ ಹೆಲಿಕಾಪ್ಟರುಗಳು ಸುತ್ತುತ್ತಿದ್ದವು. ಸದ್ದು ಕೇಳುತ್ತಿತ್ತು, ಹೆಲಿಕಾಪ್ಟರ್ ಕಾಣುತ್ತಿರಲಿಲ್ಲ. ನಾವು ಕಾರು ತೊಳೆಸುತ್ತಿದ್ದ ಅಂಗಡಿಯಲ್ಲಿ ಒಂದು ದಿನ ಒಬ್ಬ ಕೆಲಸಗಾರನೂ ಇರಲಿಲ್ಲ. ನೀರಿನ ಪೈಪುಗಳು ಬಿದ್ದಲ್ಲೇ ಬಿದ್ದಿದ್ದವು. ಹಣ್ಣು ಕತ್ತರಿಸಿ ಮಾರುವ ಗಾಡಿಯ ಹೆಂಗಸು ಬರುವುದನ್ನು ನಿಲ್ಲಿಸಿದಳು. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಎಲ್ಲರೂ "ನಮಗೆಲ್ಲ ಏನೂ ಆಗಲ್ಲ ಬಿಡಿ, ನಮ್ಮದೆಲ್ಲ ಲೀಗಲ್ಲು" ಎಂದು ಬರೆಯುತ್ತಿದ್ದರು. ಅದನ್ನು ಅಷ್ಟು ಸಲ ಬರೆಯಬೇಕಾಗಿ ಬಂದಾಗಲೇ ನನಗೆ ಒಳಗೊಳಗೆ ದಿಗಿಲು ಶುರುವಾಗಿತ್ತು.

ನನ್ನ ಕೆಲಸ ಆಗ ಲಾಂಗ್ ಬೀಚ್‌ನ ಕ್ಯಾಂಪಸ್ಸಿನಲ್ಲಿ. ನೋರಾ ಎಂಬ ನಿವೃತ್ತ ಪ್ರೊಫೆಸರ್ ನೂರೈವತ್ತು ಇನ್ನೂರು ವರ್ಷ ಹಿಂದಿನ ಐರ್ಲೆಂಡಿನ ಬಡವರು ಸರ್ಕಾರಕ್ಕೆ ಬರೆದ ಅರ್ಜಿಗಳ ಚಿತ್ರಗಳನ್ನು ರಾಶಿ ಹಾಕಿಕೊಂಡು ಕುಳಿತಿದ್ದರು. ಹಳೆಯ ಕೈಬರಹವನ್ನು ಬಿಡಿಸಿ ಟೈಪ್ ಮಾಡಲು ಅವರಿಗೆ ಜನ ಬೇಕಿತ್ತು. ಚರಿತ್ರೆಯಲ್ಲಿ ಎಂ.ಎ. ಮಾಡಿ, ಮಗನನ್ನು ಶಾಲೆಗೆ ಬಿಡುವುದು ಕರೆತರುವುದರಲ್ಲೇ ಹತ್ತು ವರ್ಷ ಕಳೆದಿದ್ದ ನಾನು ಅಪ್ಲೈ ಮಾಡಿದೆ. ಐರ್ಲೆಂಡ್ ಎಲ್ಲಿದೆ ಎನ್ನುವುದಷ್ಟೇ ಗೊತ್ತಿತ್ತು. ಆದರೆ ಮೊದಲ ಅರ್ಜಿ ಓದಿದಾಗಲೇ ಇದು ನನಗೆ ಗೊತ್ತಿರುವ ಬರಹ ಅನ್ನಿಸಿತು. ಡಬ್ಲಿನ್ನಿನ ಕೋಟೆಯಲ್ಲಿ ಕುಳಿತ ಬ್ರಿಟಿಷ್ ದೊರೆಗೆ ಬರೆದದ್ದು. ಘನತೆವೆತ್ತ ತಮ್ಮ ಪಾದಾರವಿಂದಗಳಲ್ಲಿ ಬಡ ಅರ್ಜಿದಾರ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ ಎಂದು ಶುರು, ತಮ್ಮ ಏಳಿಗೆಗಾಗಿ ಸದಾ ದೇವರನ್ನು ಬೇಡುತ್ತೇನೆ ಎಂದು ಮುಗಿತಾಯ. ನಮ್ಮ ಹೈಸ್ಕೂಲಿನ ರಜಾ ಅರ್ಜಿಯೇ ಹೌದು, ಜ್ವರದ ಬದಲು ಬರಗಾಲ ಎಂದಿತ್ತು.

ಆಲೂಗಡ್ಡೆ ಕೊಳೆತು ಊರಿಗೆ ಊರೇ ಉಪವಾಸ ಬಿದ್ದ ವರ್ಷಗಳ ಅರ್ಜಿಗಳು ಅವು. ರಸ್ತೆ ಕೆಲಸಕ್ಕೆ ನನ್ನನ್ನೂ ಸೇರಿಸಿಕೊಳ್ಳಿ, ಬಿತ್ತನೆಗೆ ಬೀಜ ಕೊಡಿ, ಜಮೀನ್ದಾರನ ಏಜೆಂಟು ಮನೆಯ ಮಾಡು ಕಿತ್ತುಹಾಕಿದ್ದಾನೆ, ಮಗನನ್ನು ಕೈದಿಗಳ ಹಡಗಿಗೆ ಹತ್ತಿಸಬೇಡಿ. ಅರ್ಜಿ ಕೊಟ್ಟವರಲ್ಲಿ ಎಷ್ಟೋ ಜನರಿಗೆ ಅಕ್ಷರ ಬಾರದು. ಊರ ಮೇಷ್ಟ್ರೋ ಪಾದ್ರಿಯೋ ಬರೆದುಕೊಡುತ್ತಿದ್ದರು, ಕೆಳಗೆ ಇವರು ಒಂದು ಗೀಟು ಹಾಕುತ್ತಿದ್ದರು. ಹಾಗೆ ಬರೆಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಡೈಮಂಡ್ ಬಾರ್‌ನಲ್ಲೂ ಒಬ್ಬರಿದ್ದರು.

ಅವರು ರಾಜೀವ ಅಂಕಲ್. ಊರಿನಲ್ಲಿ ತಾಲ್ಲೂಕು ಆಫೀಸಿನಲ್ಲಿದ್ದು ನಿವೃತ್ತರಾದವರು, ಈಗ ಮಗಳ ಮನೆಯಲ್ಲಿದ್ದರು. ಒಬ್ಬೊಬ್ಬರ ವಿಷಯಕ್ಕೆ ಒಂದೊಂದು ಅರ್ಜಿ ಬರೆದುಕೊಡುವುದು ಅವರ ಹವ್ಯಾಸ. ಕಾನ್ಸುಲೇಟಿಗೆ, ಶಾಲೆಗೆ, ಎದುರು ಮನೆಯ ಮರ ಬೀಳುವಂತಿದೆ ಎಂದು ಸಿಟಿಯವರಿಗೆ. ಕಂಪ್ಯೂಟರ್ ಗೊತ್ತಿದ್ದರೂ ಮೊದಲು ಕೈಯಲ್ಲೇ ಬರೆಯುತ್ತಿದ್ದರು. ಮರದ ಅರ್ಜಿಗೆ ಸಿಟಿಯವರು ಮೂರೇ ದಿನದಲ್ಲಿ ಗರಗಸ ಹಿಡಿದು ಬಂದ ಮೇಲೆ ಅವರ ಕೀರ್ತಿ ಹಬ್ಬಿತ್ತು. ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿ ತಿಳಿದು, "ಒಳ್ಳೆ ಡಿಪಾರ್ಟ್‌ಮೆಂಟು" ಎಂದು ಮೆಚ್ಚಿಕೊಂಡಿದ್ದರು.

ಗಣೇಶಣ್ಣ ಅಡಿಗೆಯವರು. ಬ್ರಹ್ಮಾವರದ ಕಡೆಯವರು. ನಮ್ಮಲ್ಲಿ ಉಪನಯನ, ನಾಮಕರಣ, ಅಷ್ಟಮಿ, ಯಾವುದಿದ್ದರೂ ಅವರ ಕೈಯ ಹುಳಿ, ಅವರ ಕೈಯ ಕೊಟ್ಟೆ ಕಡುಬು. ಇಲ್ಲಿ ಹಲಸಿನೆಲೆ ಎಲ್ಲಿಂದ ತರುತ್ತಾರೆಂದು ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದರೆ "ಸಮುದ್ರದಲ್ಲಿ ತೇಲ್ಕೊಂಡು ಬರ್ತದೆ ಅಕ್ಕ" ಎನ್ನುವರು. ದೇವಸ್ಥಾನದ ಅಡಿಗೆಗೆಂದು ವೀಸಾದಲ್ಲಿ ಬಂದು, ಆಮೇಲೆ ಬೇರೆ ಬೇರೆ ಪರ್ಮಿಟ್ಟುಗಳ ಮೇಲೆ ವರ್ಷಗಟ್ಟಲೆ ಇದ್ದವರು. ವಸಂತಿ ಅಷ್ಟರಲ್ಲಿ ಸಿಟಿಜನ್ ಆದಳು, ಗಂಡನ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದಳು. ಜೂನ್ ಮೊದಲಲ್ಲಿ ಇಮಿಗ್ರೇಷನ್ ಆಫೀಸಿನಿಂದ ಇಂಟರ್‌ವ್ಯೂಗೆ ಕರೆ ಬಂತು. ಇಬ್ಬರೂ ಹೋದರು. ವಸಂತಿ ಒಬ್ಬಳೇ ಹೊರಗೆ ಬಂದಳು.

ಅವಳು ನನಗೆ ಫೋನ್ ಮಾಡಿದಾಗ ಗಾಳಿ ಬಡಿಯುವ ಸದ್ದೇ ಹೆಚ್ಚು ಕೇಳುತ್ತಿತ್ತು. "ಜ್ಯೋತಿಯಕ್ಕ, ಇವ್ರನ್ನ ಹಿಂದಿನ ಬಾಗಿಲಿಂದ ಕರ್ಕೊಂಡು ಹೋದ್ರಂತೆ. ನಾನು ಮುಂದೆ ಕೂತಿದ್ದೆ. ಕಾಫಿ ಕುಡೀರಿ ಅಂತ ಹೇಳಿದ್ರು ನನಗೆ."

ಆಪಾದನೆ ಇಷ್ಟೇ. ಹಳೆಯ ಪರ್ಮಿಟ್ಟು ಮುಗಿದು ಹೊಸದು ಬರುವ ನಡುವೆ ಕೆಲವು ವಾರ ಖಾಲಿ ಇತ್ತು. ಆಗ ಗಣೇಶಣ್ಣ ಕೆಲಸಕ್ಕೆ ಹೋಗಲಿಲ್ಲ, ಅದು ನಮಗೆಲ್ಲ ಗೊತ್ತು. ನಮ್ಮ ಮನೆಯ ಪೂಜೆಗೇ ಬರಲೊಲ್ಲೆ ಎಂದಿದ್ದರು. ಆದರೆ ದೇವಸ್ಥಾನದ ಅನ್ನಸಂತರ್ಪಣೆಗೆ ಹೋಗಿ ಸೌಟು ಹಿಡಿದಿದ್ದರು. ಸಂಬಳವಿಲ್ಲ, ಸಂಭಾವನೆಯಿಲ್ಲ. ಹರಕೆಯ ಸೇವೆ. ಬಡಿಸುವಾಗ ಯಾರೋ ತೆಗೆದು ಹಾಕಿದ ಫೋಟೋ ಇಂಟರ್‌ನೆಟ್ಟಿನಲ್ಲಿತ್ತು. ಪರ್ಮಿಟ್ ಇಲ್ಲದೆ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆಗೆ ಅವರು ಇಲ್ಲ ಎಂದು ಬರೆದಿದ್ದರು. ಅದು ಸುಳ್ಳು, ಸರ್ಕಾರಕ್ಕೆ ಬೇಕೆಂದೇ ಸುಳ್ಳು ಹೇಳಿದವನಿಗೆ ಇಲ್ಲಿ ಜಾಗವಿಲ್ಲ ಎನ್ನುವುದು ಆಫೀಸಿನವರ ವಾದ. ವಕೀಲೆಯೊಬ್ಬರು ಸಿಕ್ಕಿದ ಮೇಲೆ ಅವರು ಧೈರ್ಯ ಹೇಳಿದರು. ಸೇವೆ ಕೆಲಸವಲ್ಲ, ಹಾಗಾಗಿ ಇಲ್ಲ ಎಂದದ್ದು ಸತ್ಯ, ಇದನ್ನು ಗೆಲ್ಲಬಹುದು. ತಪ್ಪೇ ಆಗಿಲ್ಲ ಎನ್ನುವುದೇ ನಮ್ಮ ಕೇಸು ಎಂದು ಎರಡೆರಡು ಸಲ ಹೇಳಿದರು.

ಆ ದಿನಗಳಲ್ಲೇ ನನ್ನ ಪಾಲಿಗೆ ಒಬ್ಬ ವಿಧವೆಯ ಅರ್ಜಿ ಬಂತು. ಅವಳ ಮಗನನ್ನು ಕುರಿ ಕದ್ದದ್ದಕ್ಕೆ ಕಡಲಾಚೆಯ ಕೈದಿಗಳ ನೆಲಕ್ಕೆ ಕಳಿಸುವ ತೀರ್ಪಾಗಿತ್ತು. ಎರಡು ಪುಟ ತುಂಬ ಬರೆಸಿದ್ದಳು. ಮನೆಯಲ್ಲಿ ಎಷ್ಟು ಮಕ್ಕಳು, ಯಾವುದಕ್ಕೆ ಜ್ವರ, ಒಲೆ ಹಚ್ಚಿ ಎಷ್ಟು ದಿನವಾಯಿತು. ನಡುವೆ ಒಂದು ಕಡೆ, ಅವನು ಕುರಿ ತೆಗೆದುಕೊಂಡದ್ದು ನಿಜ, ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು ಎಂದಿತ್ತು. ಆ ಸಾಲಿನ ಕೆಳಗೆ ಮಾತ್ರ ಯಾರೋ ಪೆನ್ಸಿಲ್ಲಿನಲ್ಲಿ ನೇರವಾಗಿ ಒಂದು ಗೆರೆ ಎಳೆದಿದ್ದರು. ಹಿಂದುಗಡೆ, ಕಾನೂನು ತನ್ನ ದಾರಿ ಹಿಡಿಯಲಿ ಎನ್ನುವ ಅರ್ಥದ ಷರಾ.

ನಾನು ನೋರಾ ಅವರನ್ನು ಕರೆದು ತೋರಿಸಿದೆ. "ಮಕ್ಕಳ ಸಾಲಿಗೆ ಗೆರೆ ಇಲ್ಲವಲ್ಲ?" ಎಂದೆ.

ಅವರು ಕನ್ನಡಕ ತಲೆಗೇರಿಸಿ ಪರದೆಗೆ ಹತ್ತಿರ ಬಂದು ನೋಡಿದರು. "ಓದಿದವನ ಮೇಜಿನ ಮೇಲೆ ಇಂಥದ್ದು ರಾಶಿ ಇತ್ತು. ಅವನು ಊಟಕ್ಕೆ ಏಳಬೇಕಿತ್ತು. ಮುಗಿಸಲು ಒಂದು ಸಾಲು ಹುಡುಕುತ್ತಿದ್ದ, ಸಿಕ್ಕಿತು" ಎಂದರು. ಆಮೇಲೆ ಒಂದು ಕೆಟ್ಟ ಮಾತು ಸೇರಿಸಿದರು. ಅವರ ಮುತ್ತಜ್ಜಿಯ ಕಡೆಯವರು ಅದೇ ಸೀಮೆಯವರಂತೆ.

ಅದೇ ವಾರಾಂತ್ಯ ರಾಜೀವ ಅಂಕಲ್ ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಶರ್ಟು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಕಾಫಿ ಕೊಟ್ಟೆ. ಅವರು ಫೈಲಿನಿಂದ ಒಂದು ಕಾಗದ ತೆಗೆದು, ಪ್ರಸಾದ ಕೊಡುವವರಂತೆ ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಗಣೇಶಣ್ಣನನ್ನು ಬಿಡಬೇಕೆಂದು ಆಫೀಸಿನ ದೊಡ್ಡವರಿಗೆ ಬರೆದ ಅರ್ಜಿಯ ಪ್ರತಿ. ಇಂಗ್ಲಿಷಿನಲ್ಲಿತ್ತು, ಆದರೆ ಅದು ನಮ್ಮ ತಾಲ್ಲೂಕು ಆಫೀಸಿನ ಇಂಗ್ಲಿಷು. ಕೆಳಗೆ ನಮ್ಮವರ ಸಹಿಗಳು. ವೀಸಾದಲ್ಲಿದ್ದವರು ಹೆದರಿ ಸಹಿ ಹಾಕಿರಲಿಲ್ಲ, ಅದು ನನಗೆ ಗೊತ್ತಿತ್ತು. ಗಣೇಶಣ್ಣನ ಕಡುಬನ್ನು ಕಟ್ಟಿಸಿಕೊಂಡು ಹೋಗುತ್ತಿದ್ದವರೇ ಆಗ ಫೋನ್ ಎತ್ತಲಿಲ್ಲ. ಎಲ್ಲಕ್ಕಿಂತ ಮೇಲೆ ವಸಂತಿಯ ಸಹಿ.

ಒಳ್ಳೆಯ ಅರ್ಜಿ. ಗಣೇಶಣ್ಣನ ಗುಣ, ದುಡಿಮೆ, ಮಗಳ ಓದು, ಎಲ್ಲ ಬಂದಿತ್ತು. ಕೊನೆಯ ಪ್ಯಾರಾದಲ್ಲಿ ಹೀಗಿತ್ತು. ಸದರಿಯವರು ತಿಳಿವಳಿಕೆಯಿಲ್ಲದೆ ಅರ್ಜಿ ನಮೂನೆಯಲ್ಲಿ ಕೊಟ್ಟ ಉತ್ತರದಲ್ಲಿ ಆಗಿರುವ ತಪ್ಪನ್ನು ತಾವು ದಯವಿಟ್ಟು ಮನ್ನಿಸಬೇಕಾಗಿ ಪ್ರಾರ್ಥನೆ.

"ಅಂಕಲ್, ಇದನ್ನು ಕಳಿಸಬೇಡಿ."

"ಕಳಿಸಿ ಆಯ್ತಲ್ಲ. ಅವರನ್ನು ಹಿಡಿದ ಮೂರನೇ ದಿನವೇ ಕಳಿಸಿದ್ದು. ಆ ಲಾಯರಮ್ಮ ಬರುವ ಮೊದಲೇ. ರಿಜಿಸ್ಟರ್ಡ್ ಪೋಸ್ಟು, ಮುಟ್ಟಿದ್ದಕ್ಕೆ ರಸೀದಿ ಉಂಟು."

"ಈ ಕೊನೆ ಸಾಲು... ಅವ್ರು ತಪ್ಪೇ ಮಾಡ್ಲಿಲ್ಲ ಅಲ್ವಾ?"

"ಮಾಡ್ಲಿಲ್ಲ. ಯಾರು ಮಾಡಿದ್ದಾರೆ ಅಂತ ಹೇಳಿದ್ದು?" ಅಂಕಲ್ ನಿಜಕ್ಕೂ ಆಶ್ಚರ್ಯಪಟ್ಟರು. "ಅದು ಬರೆಯುವ ಕ್ರಮ ಅಲ್ಲವಾ ಜ್ಯೋತಿ. ನಂದೆಂತದೂ ತಪ್ಪಿಲ್ಲ ಅಂತ ಬರೆದ್ರೆ ಆಫೀಸರಿಗೆ ಹೇಗಾಗ್ತದೆ? ಎಷ್ಟು ಅಹಂಕಾರ ಇವನಿಗೆ ಅಂತ ಕಾಗದ ಅಡಿಗೆ ಹಾಕ್ತಾನೆ. ನಾನು ಆ ಕುರ್ಚಿಯ ಪಕ್ಕದಲ್ಲೇ ಕೂತು ನೋಡಿದ್ದೇನೆ. ಸ್ವಲ್ಪ ಬಗ್ಗಬೇಕು. ಬಗ್ಗಿದ್ರೆ ಅವರಿಗೂ ಕೊಡ್ಲಿಕ್ಕೆ ಮನಸ್ಸು ಬರ್ತದೆ."

ನನಗೆ ಕೋಪ ಬಂತು. ಯಾರ ಮೇಲೆಂದು ಈಗಲೂ ಸರಿಯಾಗಿ ಹೇಳಲಾರೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾವು ಎಲ್ಲರ ಮನೆಯಿಂದ ಹೊರಡುವಾಗಲೂ, ಮದುವೆಯ ಊಟ ಮುಗಿದು ಬೀಗರನ್ನು ಬೀಳ್ಕೊಡುವಾಗಲೂ, ಭಾಷಣದ ಕೊನೆಯಲ್ಲೂ ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎನ್ನುವ ಜನ. ಯಾವ ತಪ್ಪು ಎಂದು ಯಾರೂ ತಿರುಗಿ ಕೇಳುವುದಿಲ್ಲ. ಕೇಳಿದರೆ ಅವರೇ ಮರ್ಯಾದೆ ಇಲ್ಲದವರಾಗುತ್ತಾರೆ.

ವಕೀಲೆಗೆ ಪ್ರತಿ ಕಳಿಸಿದೆ. ಅವರು ಫೋನ್ ಮಾಡಿ, ಅದು ಫೈಲಿಗೆ ಸೇರಿರುತ್ತದೆ, ಅವರು ಓದದೇ ಇರಲಿ ಎಂದು ಆಶಿಸೋಣ ಎಂದರು. ಓದಲಿ ಎಂದು ಬರೆದ ಅರ್ಜಿಯನ್ನು ಯಾರೂ ಓದದಿರಲಿ ಎಂದು ಬೇಡಿಕೊಳ್ಳುತ್ತ ನಾವು ಜೂನ್ ಕಳೆದೆವು. ವಸಂತಿಗೆ ನಾನು ವಿಷಯ ತಿಳಿಸಿದಾಗ ಅವಳು, "ಅಂಕಲ್ ಬರೆದದ್ದು ಅಲ್ವಾ, ಚೆನ್ನಾಗಿಯೇ ಇರ್ತದೆ" ಎಂದಳು. ಅವಳಿಗೆ ಅರ್ಥವಾಗಲಿಲ್ಲವೋ, ಅರ್ಥ ಮಾಡಿಕೊಳ್ಳುವುದು ಬೇಡವಾಗಿತ್ತೋ.

ಪ್ರತಿ ಶನಿವಾರ ನಾವು ಮೂವರೂ ದಕ್ಷಿಣಕ್ಕೆ ಹೋಗುತ್ತಿದ್ದೆವು. ಕಡಲ ಪಕ್ಕದ ದಾರಿ, ಕಡಲು ಕಾಣುತ್ತಿರಲಿಲ್ಲ. ಮಂಜಿನಲ್ಲಿ ಎದುರಿನ ಗಾಡಿಯ ಕೆಂಪು ದೀಪ ಮಾತ್ರ. ಒಂದು ಸಲ ಬಿಳಿಯ ವ್ಯಾನುಗಳ ಸಾಲು ನಮ್ಮನ್ನು ದಾಟಿ ಹೋಯಿತು, ಕಿಟಕಿಗಳಿಗೆ ಕಪ್ಪು ಗಾಜು. ವಸಂತಿ ಪ್ರತಿಯೊಂದನ್ನೂ ಕತ್ತು ತಿರುಗಿಸಿ ನೋಡಿದಳು. ಒಳಗೆ ಗಣೇಶಣ್ಣ ಪ್ರತಿ ಸಲವೂ ಸ್ವಲ್ಪ ಸಣ್ಣಗಾಗಿರುತ್ತಿದ್ದರು. ಅಲ್ಲಿಯ ಊಟದ ವಿಷಯ ಕೇಳಿದರೆ, "ಉಪ್ಪಿಲ್ಲ ಅಕ್ಕ. ಹಾಕುವವರಿಗೆ ಮನಸ್ಸಿಲ್ಲ" ಎಂದರು. ಒಂದು ದಿನ ಗಾಜಿನ ಆ ಕಡೆಯಿಂದ, "ನಮ್ಮ ರೂಮಿನಲ್ಲಿದ್ದ ಗ್ವಾಟೆಮಾಲಾದ ಹುಡುಗನನ್ನು ನಿನ್ನೆ ಕರ್ಕೊಂಡು ಹೋದ್ರು. ಹೆಸರು ಕೂಗುವಾಗ ಎಲ್ಲರೂ ನೆಲ ನೋಡ್ತೇವೆ" ಎಂದರು. ಅಪ್ಪ ಏನೇ ಹೇಳಿದರೂ ಶ್ರಾವ್ಯ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು. ಅವಳು ಹನ್ನೊಂದನೇ ತರಗತಿ ಮುಗಿಸಿದ ಹುಡುಗಿ, ಇಲ್ಲೇ ಹುಟ್ಟಿದವಳು. "ಯೂ ಡಿಡಂಟ್ ಡೂ ಎನಿಥಿಂಗ್, ಅಪ್ಪ. ದೇ ಹ್ಯಾವ್ ಟು ಲೆಟ್ ಯೂ ಗೋ" ಎನ್ನುವಳು. ಅಷ್ಟು ಖಚಿತವಾಗಿ ನಂಬಿದ್ದವರು ನಮ್ಮಲ್ಲಿ ಅವಳೊಬ್ಬಳೇ.

ಜುಲೈಯಲ್ಲಿ ವಿಚಾರಣೆ. ಸಣ್ಣ ಕೋಣೆ, ತಣ್ಣಗೆ ಕೊರೆಯುವ ಏಸಿ. ಗಣೇಶಣ್ಣ ನೀಲಿ ಬಟ್ಟೆಯಲ್ಲಿ ವಕೀಲೆಯ ಪಕ್ಕದಲ್ಲಿದ್ದರು. ಕನ್ನಡದ ದುಭಾಷಿ ಎಲ್ಲೋ ದೂರದಿಂದ ಫೋನಿನಲ್ಲಿ. ಆತನ ಕನ್ನಡ ಬೆಂಗಳೂರಿನದು, ಇಂಗ್ಲಿಷ್ ಅಚ್ಚುಕಟ್ಟಾದದ್ದು. ವಕೀಲೆ ಸೇವೆ ಎಂದರೇನು ಎಂದು ಚೆನ್ನಾಗಿ ಬಿಡಿಸಿ ಹೇಳಿದರು. ಗುರುದ್ವಾರದ, ಚರ್ಚಿನ ಉದಾಹರಣೆ ಕೊಟ್ಟರು. ನ್ಯಾಯಾಧೀಶರು ತಲೆಯಾಡಿಸುತ್ತ ಬರೆದುಕೊಂಡರು. ಒಂದು ಗಳಿಗೆ ನನಗೂ ಆಸೆ ಹುಟ್ಟಿತು. ಆಮೇಲೆ ಸರ್ಕಾರದ ಕಡೆಯ ವಕೀಲ ಎದ್ದ. ಎಳೆಯ ಪ್ರಾಯದವನು, ಧ್ವನಿ ಎತ್ತಲೇ ಇಲ್ಲ. ವಸಂತಿಯನ್ನು ಕರೆಸಿ ಕಾಗದ ತೋರಿಸಿದ.

ಇದು ನಿಮ್ಮ ಸಹಿಯಾ? ಹೌದು. ಓದಿ ಸಹಿ ಹಾಕಿದಿರಾ? ಹೌದು. ಅವನು ಆ ಸಾಲನ್ನು ನಿಧಾನವಾಗಿ ಓದಿದ. ದುಭಾಷಿ ಅದನ್ನು ಕನ್ನಡಕ್ಕೆ ತಂದ, ಒಂದು ಅಕ್ಷರ ಹೆಚ್ಚುಕಮ್ಮಿ ಮಾಡಲಿಲ್ಲ.

"ಯಾವ ತಪ್ಪು?"

ವಸಂತಿ ನನ್ನ ಕಡೆ ನೋಡಿದಳು. ನನಗೆ ಮಾತಾಡುವ ಹಾಗಿರಲಿಲ್ಲ. "ಎಂತದೂ ಇಲ್ಲ" ಎಂದಳು.

"ತಪ್ಪು ಇಲ್ಲದಿದ್ದರೆ ಕ್ಷಮೆ ಯಾತಕ್ಕೆ ಕೇಳಿದಿರಿ?"

"ಹಾಗೆ ಕೇಳುದು. ದೊಡ್ಡವರ ಹತ್ರ ಹಾಗೇ ಕೇಳುದು."

"ಹಾಗಾದರೆ ನೀವು ನಿಜವಲ್ಲದ್ದಕ್ಕೆ ಸಹಿ ಹಾಕಿ ಸರ್ಕಾರಕ್ಕೆ ಕಳಿಸಿದಿರಾ?"

ಅವಳು ತಲೆ ಬಗ್ಗಿಸಿದಳು. ಹೌದು ಎಂದರೆ ಅವಳು ಸುಳ್ಳಿ, ಇಲ್ಲ ಎಂದರೆ ಗಂಡ ಸುಳ್ಳ. ವಕೀಲೆ ಎದ್ದು ಆಕ್ಷೇಪಿಸಿದರು. ನ್ಯಾಯಾಧೀಶರು ಪ್ರಶ್ನೆಗೆ ಉತ್ತರ ಬರಲಿ ಎಂದರು. ಗಣೇಶಣ್ಣ ಹೆಂಡತಿಯನ್ನೇ ನೋಡುತ್ತಿದ್ದರು, ಕಣ್ಣಲ್ಲಿ ಕೋಪವಿರಲಿಲ್ಲ. ವಸಂತಿ "ಗೊತ್ತಿಲ್ಲ" ಎಂದಳು. ದುಭಾಷಿ ಅದನ್ನೂ ಸರಿಯಾಗಿಯೇ ಹೇಳಿದ.

ತೀರ್ಪು ಓದಿದಾಗ ನಾನು ಎಲ್ಲ ವಾಕ್ಯ ಕೇಳಿಸಿಕೊಳ್ಳಲಿಲ್ಲ. ಕುಟುಂಬದವರೇ ಒಪ್ಪಿಕೊಂಡಿರುವಂತೆ ಎನ್ನುವುದು ಒಂದು ಸಲ ಬಂತು. ಅರ್ಜಿ ವಜಾ, ದೇಶದಿಂದ ಹೊರಗೆ ಕಳಿಸಬೇಕು.

ವಾಪಸು ಬರುವಾಗ, ಬಹಳ ದೂರ ಬಂದ ಮೇಲೆ ಹಿಂದಿನ ಸೀಟಿನಿಂದ ಶ್ರಾವ್ಯ ಕೇಳಿದಳು.

"ಆಂಟಿ, ಡಿಡ್ ಹೀ ಲೈ?"

"ಇಲ್ಲ ಪುಟ್ಟ."

"ದೆನ್ ವೈ ಡಿಡ್ ಅಮ್ಮ ಸೈನ್ ದಟ್?"

ನಾನು ಕ್ರಮ, ವಿನಯ, ಊರಿನ ಅಭ್ಯಾಸ ಎಂದೆಲ್ಲ ಹೇಳತೊಡಗಿದೆ. ಅವಳು ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ "ಓಕೆ" ಎಂದಳು. ಆ ಓಕೆ ಏನೆಂದು ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಗೊತ್ತಿರುತ್ತದೆ. ಅವಳು ನಂಬಲಿಲ್ಲ. ಅಪ್ಪ ಏನೋ ಮಾಡಿದ್ದಾರೆ, ದೊಡ್ಡವರೆಲ್ಲ ಸೇರಿ ಮುಚ್ಚಿಡುತ್ತಿದ್ದಾರೆ ಎನ್ನುವುದು ಆ ಸಂಜೆ ಅವಳ ತಲೆಗೆ ಹೊಕ್ಕಿತು. ನನ್ನ ಪಕ್ಕದಲ್ಲಿದ್ದ ವಸಂತಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಅವಳು ಸೀಟ್ ಬೆಲ್ಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮುಂದೆ ನೋಡುತ್ತ ಕುಳಿತಳು.

ಮೇಲ್ಮನವಿ ಮಾಡೋಣ ಎಂದರು ವಕೀಲೆ. ಅದು ಮುಗಿಯುವ ತನಕ ಒಳಗೇ ಇರಬೇಕು, ಎಷ್ಟು ತಿಂಗಳೋ ಹೇಳಲಾಗದು. ಗಣೇಶಣ್ಣ ಫೋನಿನಲ್ಲಿ, "ಸಾಕು ವಸಂತಿ. ಊರಲ್ಲಿ ಅಡಿಗೆ ಮಾಡ್ಲಿಕ್ಕೆ ಯಾರ ಪರ್ಮಿಟ್ಟೂ ಬೇಡ" ಎಂದು ನಗಲು ನೋಡಿದರು. ಗಂಡನನ್ನು ಕಳಿಸಿದ ದೇಶಕ್ಕೇ ನಮ್ಮನ್ನೂ ಮಕ್ಕಳನ್ನೂ ಕಳಿಸಿ ಎಂದು ಐರಿಷ್ ಹೆಂಗಸರು ಬರೆಸಿದ ಅರ್ಜಿಗಳು ಆ ವಾರ ನನ್ನ ಮೇಜಿಗೆ ಬಂದಿದ್ದವು. ಟೈಪ್ ಮಾಡಲಾಗಲಿಲ್ಲ. ನೋರಾ ಅವರಿಗೆ ಹೇಳಿ ರಜೆ ಹಾಕಿದೆ. ವಸಂತಿ ಮಗಳ ಶಾಲೆಯ ಕೊನೆಯ ವರ್ಷ ಮುಗಿಯುವ ತನಕ ಇಲ್ಲೇ ಇರುವುದೆಂದು ಆಯಿತು. ಮಗಳನ್ನು ಕೇಳಿ ತೀರ್ಮಾನಿಸಿದ್ದಲ್ಲ, ಮಗಳು ಆಗ ಅವಳೊಂದಿಗೆ ಮಾತೇ ಆಡುತ್ತಿರಲಿಲ್ಲ.

ರಾಜೀವ ಅಂಕಲ್ ಒಮ್ಮೆ ಪಾರ್ಕಿನಲ್ಲಿ ಸಿಕ್ಕಿದರು. ಕೈಯಲ್ಲಿ ಫೈಲಿರಲಿಲ್ಲ. "ನಾನು ಬರೆದದ್ದರಲ್ಲಿ ಗ್ರಾಮರ್ ಎಲ್ಲ ಸರಿಯೇ ಇತ್ತಲ್ಲಮ್ಮ?" ಎಂದು ಕೇಳಿದರು. ಸರಿ ಇತ್ತು ಅಂಕಲ್ ಎಂದೆ. ಅವರ ಮೇಲಿನ ಸಿಟ್ಟು ಅಲ್ಲೇ ಇಳಿದುಹೋಯಿತು. ಅದಾದ ಮೇಲೆ ಅವರು ಯಾರಿಗೂ ಒಂದು ಅಕ್ಷರ ಬರೆದುಕೊಡಲಿಲ್ಲ ಎಂದು ಅವರ ಮಗಳು ಹೇಳುತ್ತಾಳೆ.

ಆಗಸ್ಟಿನಲ್ಲಿ ಗಣೇಶಣ್ಣನನ್ನು ವಿಮಾನ ಹತ್ತಿಸಿದರು. ಯಾವ ದಿನವೆಂದು ಮೊದಲೇ ತಿಳಿಸಲಿಲ್ಲ; ದೆಹಲಿಯಲ್ಲಿ ಇಳಿದು ಯಾರದೋ ಫೋನಿನಿಂದ ಕರೆ ಮಾಡಿದಾಗಲೇ ಗೊತ್ತಾದದ್ದು. ಇಂಟರ್‌ವ್ಯೂ ದಿನ ಅವರ ಕೈಯಲ್ಲಿದ್ದ ಚೀಲ ಇಲ್ಲೇ ಉಳಿದಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಗಡಿಯ ಆ ಕಟ್ಟಡದ ಆಫೀಸಿನಿಂದ ಸಂದೇಶ ಬಂತು. ನಾನೂ ವಸಂತಿಯೂ ಹೋದೆವು. ಅವತ್ತು ಬಿಸಿಲು ಚುರುಗುಡುತ್ತಿತ್ತು. ಮೋಡವೆಲ್ಲ ಹೋಗಿ ಗುಡ್ಡಗಳು ಬರಿ ಬತ್ತಲೆ.

ಕಿಟಕಿಯ ಹಿಂದಿನ ಹುಡುಗಿ ಒಳ್ಳೆಯವಳು, ವಸಂತಿಯನ್ನು ಮ್ಯಾಮ್ ಎಂದಳು. ಚೀಲ ತಂದು ತೆರೆದು ತೋರಿಸಿದಳು. ಬೆಲ್ಟು, ಕಾರಿನ ಕೀ, ಮಡಚಿದ ಕೋಟು, ಮತ್ತೆ ಇವರ ಮದುವೆಯ ಆಲ್ಬಮ್. ಮದುವೆ ನಿಜವೆಂದು ತೋರಿಸಲು ಇಂಟರ್‌ವ್ಯೂಗೆ ಆಲ್ಬಮ್ ಒಯ್ಯಬೇಕೆಂದು ಯಾರೋ ಹೇಳಿದ್ದರಂತೆ. ರಟ್ಟಿನ ಮೇಲೆ ಉಡುಪಿಯ ಸ್ಟುಡಿಯೋದ ಹೆಸರು. ಹುಡುಗಿ ಗಾಜಿನ ಕೆಳಗಿನಿಂದ ಒಂದು ಕಾಗದವನ್ನೂ ಪೆನ್ನನ್ನೂ ತಳ್ಳಿದಳು. ಇಲ್ಲಿ ಒಂದು ಸಹಿ, ಅಷ್ಟೇ.

ವಸಂತಿ ಪೆನ್ ಹಿಡಿದಳು. ಹಿಡಿದವಳು ನಿಂತಳು. ಕಾಗದವನ್ನು ನನ್ನ ಕಡೆ ಸರಿಸಿದಳು.

"ಜ್ಯೋತಿಯಕ್ಕ, ಇದ್ರಲ್ಲಿ ಎಲ್ಲಿಯಾದ್ರೂ ನಾವು ತಪ್ಪು ಒಪ್ಪಿಕೊಂಡ ಹಾಗೆ ಉಂಟಾ, ನೋಡಿ."

ಓದಿದೆ. ಎರಡು ಸಲ ಓದಿದೆ. ಸಾಮಾನು ಸಿಕ್ಕಿತು ಎನ್ನುವುದರ ಹೊರತು ಏನೂ ಇರಲಿಲ್ಲ.

"ಇಲ್ಲ ವಸಂತಿ. ಮಾಮೂಲಿ ಕಾಗದ. ಎಲ್ಲರೂ ಹಾಕುವಂಥದ್ದೇ."

"ಅಂಕಲ್ ಸಹ ಹಾಗೇ ಹೇಳಿದ್ದು."

ಅವಳು ಪೆನ್ನನ್ನು ಕಾಗದದ ಮೇಲೆ ಇಟ್ಟು, ಎರಡನ್ನೂ ಗಾಜಿನ ಕೆಳಗೆ ವಾಪಸು ತಳ್ಳಿದಳು. ಮ್ಯಾಮ್, ಸಹಿ ಇಲ್ಲದೆ ಕೊಡಲಾಗುವುದಿಲ್ಲ ಎಂದಳು ಹುಡುಗಿ. ವಸಂತಿ ಆಗಲೇ ಬಾಗಿಲ ಹತ್ತಿರ ಹೋಗಿದ್ದಳು. ನಾನು ಒಂದು ಗಳಿಗೆ ಅಲ್ಲೇ ನಿಂತಿದ್ದೆ. ಹುಡುಗಿ ಆಲ್ಬಮನ್ನು ಚೀಲದೊಳಗೆ ಹಾಕಿ, ಜಿಪ್ ಎಳೆದು, ಚೀಲವನ್ನು ಒಳಗೆ ತೆಗೆದುಕೊಂಡು ಹೋದಳು.